ಅಲ್ಪ ಪ್ರಮಾಣದ ಆಮ್ಲ

ಮೊದಲು ಬಂದದ್ದು ವಾಸನೆ.

ಏಕಾದಶಿಯ ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ನನ್ನ ಹೆಂಡತಿ ವನಮಾಲ ನೀರಿನ ಲೋಟ ಹಿಡಿದು ಹತ್ತಿರ ಬಂದಳು. ಅಸಿಟೋನ್ ವಾಸನೆ. ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯಲು ನಾವು ಬಳಸುವ ದ್ರವ. ಜಯನಗರದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿ ಕಲಿಸಿ ನನ್ನ ಬಟ್ಟೆಗೆ ಅಂಟದ ವಾಸನೆಯೇ ಇಲ್ಲ. ತೋಳು ಮೂಸಿಕೊಂಡೆ. ನನ್ನದೇ ಇರಬೇಕು ಎಂದುಕೊಂಡು ಅಂಗಿ ಕಳಚಿ ಬಕೆಟ್ಟಿಗೆ ಹಾಕಿದೆ.

ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಬೇಕು. ಆ ವಾರ ಜ್ವರ ಬೇರೆ ಬಂದು ಊಟ ಸೇರುತ್ತಿರಲಿಲ್ಲ. ಅದರ ಮೇಲೆ ಉಪವಾಸ. ‘ಹೊಟ್ಟೆಗೇನೂ ಹಾಕ್ಕೊಳ್ದೆ ಇಂಜೆಕ್ಷನ್ ತಗೊಂಡ್ರೆ ಶುಗರ್ ಇಳಿದು ಬಿದ್ದೋಗ್ತೀನಿ ಅಷ್ಟೇ’ ಎಂದು ತಾನೇ ನಿಲ್ಲಿಸಿದ್ದಳು. ಕೇಳಿದರೆ ಸರಿ ಎನಿಸುವ ಮಾತು. ನನಗೂ ಸರಿ ಎನಿಸಿತ್ತು.

ಮರುದಿನ ವಾಂತಿ, ಹೊಟ್ಟೆನೋವು. ಅವಳ ಅಕ್ಕ ಸರೋಜಮ್ಮ ಬಸವನಗುಡಿಯಿಂದ ಫೋನಿನಲ್ಲೇ ತೀರ್ಪು ಕೊಟ್ಟರು. ‘ಉಪವಾಸಕ್ಕೆ ಆಸಿಡಿಟಿ ಆಗಿರುತ್ತೆ. ತಣ್ಣಗಿರೋ ಹಾಲು ಕೊಡಿ.’ ಕೊಟ್ಟೆ. ಅದೂ ಹೊರಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳು ಮಲಗಿದ್ದಲ್ಲೇ, ನಾಲ್ಕು ಮಹಡಿ ಹತ್ತಿ ಬಂದವಳಂತೆ, ಆಳವಾಗಿ ಉಸಿರೆಳೆಯತೊಡಗಿದಳು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು.

ಆಟೋದಲ್ಲಿ ಅವಳ ತಲೆ ನನ್ನ ಭುಜದ ಮೇಲಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅದೇ ಅಸಿಟೋನ್ ಮೂಗಿಗೆ ಬಡಿಯಿತು.

ನಾನು ಹಾಕಿಕೊಂಡಿದ್ದದ್ದು ಒಗೆದ ಅಂಗಿ.

ಎಮರ್ಜೆನ್ಸಿಯಲ್ಲಿ ರಕ್ತ ತೆಗೆದರು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ‘ಡಯಾಬಿಟಿಕ್ ಕೀಟೋಅಸಿಡೋಸಿಸ್ ಸಾರ್. ಇನ್ಸುಲಿನ್ ಇಲ್ದೆ ರಕ್ತದಲ್ಲಿ ಆಸಿಡ್ ತುಂಬ್ಕೊಂಡಿದೆ. ಪಿಎಚ್ ಏಳು ಪಾಯಿಂಟ್ ಸೊನ್ನೆ ಐದು.’

ಏಳು ಎಂದರೆ ಶುದ್ಧ ನೀರು, ಹೆದರುವಂಥದ್ದೇನಿದೆ ಎಂದು ಬೇರೆಯವರು ಕೇಳಬಹುದು. ರಕ್ತ ಏಳು ಪಾಯಿಂಟ್ ನಾಲ್ಕರ ಸುತ್ತಲೇ ಇರಬೇಕು; ಇಳಿದಷ್ಟೂ ಆಮ್ಲ ಹೆಚ್ಚು. ಅದು ಕದಲದಂತೆ ಕಾಯುವುದೇ ರಕ್ತದೊಳಗಿನ ಬಫರ್. ‘ಅಲ್ಪ ಪ್ರಮಾಣದ ಆಮ್ಲ ಅಥವಾ ಪ್ರತ್ಯಾಮ್ಲ ಸೇರಿಸಿದಾಗ ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ’ ಎಂದು ಪ್ರತಿ ವರ್ಷ ಬರೆಸುತ್ತೇನೆ. ‘ಅಲ್ಪ ಪ್ರಮಾಣದ’ ಎಂಬುದನ್ನು ಬಿಟ್ಟವರಿಗೆ ಅರ್ಧ ಅಂಕ ಕತ್ತರಿಸುತ್ತೇನೆ. ಮಕ್ಕಳು ಹಿಂದಿನಿಂದ ಬೈದುಕೊಳ್ಳುವುದೂ ಗೊತ್ತು. ವನಮಾಲಳ ರಕ್ತಕ್ಕೆ ಸೇರಿದ್ದು ಅಲ್ಪ ಪ್ರಮಾಣವಲ್ಲ. ಆಮ್ಲವನ್ನು ತಡೆಯುವ ಬೈಕಾರ್ಬನೇಟ್ ಬಹುಪಾಲು ಮುಗಿದಿತ್ತು. ಇಂಗಾಲದ ಡೈಆಕ್ಸೈಡನ್ನು ಹೊರಗೆ ತಳ್ಳಿ ಹೇಗಾದರೂ ಆಮ್ಲ ಇಳಿಸಲು ಅವಳ ಶ್ವಾಸಕೋಶ ಒದ್ದಾಡುತ್ತಿತ್ತು. ಆ ಉಸಿರು ಅದೇ. ಆಮ್ಲದ ಜೊತೆಗೇ ಮೈಯೊಳಗೆ ಹುಟ್ಟುವ ಅಸಿಟೋನ್ ಆ ಉಸಿರಿನಲ್ಲೇ ಹೊರಗೆ ಬರುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದವನಿಗೆ ಆ ಹೊತ್ತಿನಲ್ಲಿ ಭಯ ಹೆಚ್ಚಾಯಿತೇ ಹೊರತು ಇನ್ನೇನೂ ಆಗಲಿಲ್ಲ.

‘ಬೈಕಾರ್ಬನೇಟ್ ಕೊಡಿ ಡಾಕ್ಟ್ರೇ. ನ್ಯೂಟ್ರಲೈಸ್ ಆಗುತ್ತಲ್ಲ.’

‘ಈ ಲೆವೆಲ್‌ಗೆ ಕೊಡಲ್ಲ ಸಾರ್. ಅದ್ರಿಂದ ಪೊಟ್ಯಾಸಿಯಂ ಇಳಿದ್ರೆ ಹಾರ್ಟಿಗೆ ತೊಂದ್ರೆ. ಇನ್ಸುಲಿನ್, ಫ್ಲೂಯಿಡ್ಸ್ ಹೋಗ್ತಿದೆ. ಆಸಿಡ್ ತಯಾರಾಗೋದು ನಿಂತ್ರೆ ನಿಧಾನಕ್ಕೆ ಸರಿಹೋಗ್ಬೇಕು.’

‘ಸರಿಹೋಗುತ್ತಾ?’

‘ನೋಡೋಣ ಸಾರ್. ಕೂತ್ಕೊಳ್ಳಿ.’

ಕೂತೆ. ಲ್ಯಾಬಿನಲ್ಲಾದರೆ ಹನಿಹನಿಯಾಗಿ ದ್ರಾವಣ ಬಿಡುವ ಬ್ಯುರೆಟ್ಟಿನ ತಿರುಪು ನನ್ನ ಕೈಯಲ್ಲಿರುತ್ತದೆ. ಬಣ್ಣ ತಿರುಗಿದ ಕೂಡಲೇ ನಿಲ್ಲಿಸುತ್ತೇನೆ. ಐಸಿಯು ಬಾಗಿಲ ಹೊರಗೆ ನನ್ನ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಅವಳ ಬಳೆ, ಕರಿಮಣಿ ಸರ. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಅಳು ಬಂತು, ಅತ್ತುಬಿಟ್ಟೆ.

ಸರೋಜಮ್ಮ ಫ್ಲಾಸ್ಕಿನಲ್ಲಿ ತಣ್ಣನೆಯ ಮಜ್ಜಿಗೆ ತುಂಬಿಕೊಂಡು ಬಂದರು. ‘ಆಸಿಡಿಟಿಗೆಲ್ಲ ಐಸಿಯುಗೆ ಹಾಕ್ತಾರಾ? ಒಂಚೂರು ಅಡುಗೆ ಸೋಡಾ ಕೊಟ್ಟಿದ್ರೆ ಆಗ್ತಿತ್ತಪ್ಪ.’

‘ಆಸಿಡಿಟಿ ಅಲ್ಲ, ಅಸಿಡೋಸಿಸ್. ಅದು ಹೊಟ್ಟೇದು, ಇದು ರಕ್ತದ್ದು’ ಎಂದು ರೇಗಿದೆ. ಅಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಸರೋಜಮ್ಮ ಮುಖ ಸಣ್ಣಗೆ ಮಾಡಿಕೊಂಡರು. ಅಡುಗೆ ಸೋಡಾ ಎಂದರೂ ಬೈಕಾರ್ಬನೇಟೇ. ಡಾಕ್ಟರ ಹತ್ತಿರ ನಾನು ಬೇಡಿದ್ದೂ ಅದನ್ನೇ. ಅವರ ಪಕ್ಕ ಕೂತು ಆ ಮಜ್ಜಿಗೆ ಕುಡಿದೆ.

ರಿಪೋರ್ಟಿನಿಂದ ರಿಪೋರ್ಟಿಗೆ ಪಿಎಚ್ ಒಂದಿಷ್ಟೊಂದಿಷ್ಟೇ ಏರಿತು. ಏರಿಸಿದ್ದು ನಾನಲ್ಲ. ಮಾರನೆಯ ದಿನ ಒಳಗೆ ಬಿಟ್ಟಾಗ ಅವಳು ಒಣಗಿದ ತುಟಿ ಬಿಚ್ಚಿ ಕೇಳಿದ ಮೊದಲ ಮಾತು, ‘ರೀ, ದ್ವಾದಶಿ ಪಾರಣೆ ಆಯ್ತಾ?’

ಈಗ ಮನೆಯಲ್ಲಿದ್ದಾಳೆ. ಊಟ ಸೇರದಿದ್ದರೂ ಡಾಕ್ಟರನ್ನು ಕೇಳದೆ ಇನ್ಸುಲಿನ್ ನಿಲ್ಲಿಸುವ ಹಾಗಿಲ್ಲ. ಏಕಾದಶಿಯಂದು ಫಲಾಹಾರಕ್ಕೆ ಒಪ್ಪಿದ್ದಾಳೆ, ಗೊಣಗಿಕೊಂಡೇ. ಪಕ್ಕದ ಮನೆಯವರು ವಿಚಾರಿಸಿದರೆ ‘ಆಸಿಡಿಟಿ ಜಾಸ್ತಿಯಾಗಿತ್ತು ಆಂಟಿ’ ಎನ್ನುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ.

ಕಾಲೇಜಿನಿಂದ ಬಂದವನು ಈಗ ಬಾಗಿಲ ಹತ್ತಿರವೇ ಅಂಗಿ ಬದಲಿಸಿ, ಕೈ ತೊಳೆದು, ಆಮೇಲೆ ಅವಳ ಬಳಿ ಹೋಗುತ್ತೇನೆ. ‘ಈ ವಯಸ್ಸಲ್ಲಿ ಇದೇನ್ರೀ ಮೂಸೋದು, ಯಾರಾದ್ರೂ ನೋಡಿದ್ರೆ’ ಎಂದು ನಾಚಿಕೊಂಡು ದೂಡುತ್ತಾಳೆ.

ನಿನ್ನೆ ಬರೀ ಕಾಫಿ ವಾಸನೆ ಇತ್ತು.