ಹರಳು ಕಟ್ಟದ ವಾರ

ಔಷಧಿಗೆಂದು ಹೊಸ ಹೊಸ ಅಣುಗಳನ್ನು ಕಟ್ಟುವುದು ನನ್ನ ಕೆಲಸ. ಪೀಣ್ಯದ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಕಟ್ಟುತ್ತಲೇ ಇದ್ದೇನೆ. ಒಂದಾದರೂ ಮಾತ್ರೆಯಾಗಿ ಅಂಗಡಿ ಸೇರಿದ್ದಿಲ್ಲ. ಮಾಕಳಿಯ ನಮ್ಮ ಮನೆ ಓನರ್ ಮಾತ್ರ ನಂಬಿಕೆ ಬಿಟ್ಟಿಲ್ಲ. "ಮಂಡಿ ನೋವ್ಗೆ ಒಂದು ಮಾಡ್ಕೊಡಿ ಸಾ," ಎನ್ನುತ್ತಾರೆ, ದೋಸೆ ಹುಯ್ದು ಕೊಡಿ ಎಂದಷ್ಟೇ ಸಲೀಸಾಗಿ. ನಾನೂ ಆಗಲಿ ಎನ್ನುತ್ತೇನೆ. ಜಂಬಕ್ಕೇನೂ ಬರವಿಲ್ಲ.

ಹೋದ ವರ್ಷ ಒಂದು ಅಣು ನನ್ನ ಹಳೆಯ ಗಾಜಿನ ಫ್ಲಾಸ್ಕಿನಲ್ಲಿ ಚೆಂದವಾಗಿ ಹರಳುಗಟ್ಟಿತು. ಎರಡನೆಯ ಸಲವೂ ಅದರಲ್ಲೇ ಕಟ್ಟಿತು, ಆದರೆ ಬಿಳಿಯ ನಡುವೆ ಕಪ್ಪು ಚುಕ್ಕೆಗಳಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಸಿಕ್ಕಿದ್ದು ಗಾಜಿನ ಸಾಮಾನು ತೊಳೆಯುವ ಹೆಂಗಸು. ರಾಯಚೂರು ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆ ರೂಮು, ಗುತ್ತಿಗೆಯ ಕೆಲಸ. ಸರಿಯಾಗಿ ತೊಳೆದಿಲ್ಲವೆಂದು ಎಲ್ಲರ ಎದುರಿಗೇ ಬೈದೆ. ಸಾಲದೆಂದು ಎಲ್ಲರಿಗೂ ಪ್ರತಿಯಿಟ್ಟು ಮ್ಯಾನೇಜರಿಗೆ ಮೇಲ್ ಹಾಕಿದೆ. ಅವರು ಗುತ್ತಿಗೆದಾರನಿಗೆ ಹೇಳಿದರು: ಈ ವಾರ ಮುಗಿಸಲಿ, ಸೋಮವಾರದಿಂದ ಬರುವುದು ಬೇಡ. ಇಷ್ಟು ಬೇಗ ನನ್ನ ಮಾತು ಇನ್ನಾವ ವಿಷಯದಲ್ಲೂ ನಡೆದಿರಲಿಲ್ಲ. ನಾಚಿಕೆಯಾಗಬೇಕಿತ್ತು, ಖುಷಿಯಾಯಿತು.

ಹಳೆಯದನ್ನು ಮೂಲೆಗಿಟ್ಟು, ಆಕೆ ತೊಳೆದ ಹೊಸ ಫ್ಲಾಸ್ಕ್‌ನಲ್ಲಿ ಮೂರನೆಯ ಸಲ ಮಾಡಿದೆ. ಬಂದದ್ದು ಜೇನುತುಪ್ಪದಂಥ ಅಂಟು. ಮಂಜುಗಡ್ಡೆಯಲ್ಲಿಟ್ಟೆ, ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಕೆರೆದೆ, ದ್ರಾವಕ ಬದಲಿಸಿದೆ. ಹಳೆಯ ಕೆಮಿಸ್ಟ್‌ಗಳ ಗಡ್ಡದಿಂದ ಉದುರುವ ದೂಳಿಗೂ ಹರಳು ಕಟ್ಟುತ್ತದೆಂದು ನಮ್ಮಲ್ಲೊಂದು ತಮಾಷೆಯಿದೆ. ಪಕ್ಕದ ಮೇಜಿನ ಗೆಳೆಯ, "ಗಡ್ಡ ಕೆರ್ಕೊಳ್ಳೋ ಮಗಾ, ಏನ್ ಹೋಗತ್ತೆ," ಎಂದ. ಯಾರೂ ಇಲ್ಲದಾಗ ಅದನ್ನೂ ಮಾಡಿದೆ. ಅಂಟು ಅಂಟಾಗಿಯೇ ಉಳಿಯಿತು.

ಗುರುವಾರ ಸಿಂಕಿನ ಬಳಿ ಹೋಗಿ, "ಇದನ್ನ ಯಾವುದ್ರಲ್ಲಿ ತೊಳೆದ್ರಮ್ಮ? ಹಳೇದ್ರಲ್ಲಿ ಬಂದಿದ್ದು ಇದ್ರಲ್ಲಿ ಯಾಕೆ ಬರ್ತಿಲ್ಲ?" ಎಂದು ಮತ್ತೆ ಜೋರು ಮಾಡಿದೆ.

ಆಕೆ ಕೈ ಒರೆಸಿಕೊಂಡರು. "ಹೊಸಾದು ನಾನು ತೊಳದೀನ್ರಿ ಸರ್. ಆ ಹಳೇದು ನಾ ಒಮ್ಮಿನೂ ತೊಳದಿಲ್ರಿ. ಯಾರೂ ಮುಟ್ಟಬ್ಯಾಡ್ರಿ, ನಾನೇ ತೊಳಕೋತೀನಿ ಅಂತ ನೀವೇ ಹೇಳೀರಿ. ಅದರ ಕುತ್ತಿಗ್ಯಾಗ ಬೆಳ್ಳಗ ಪುಡಿ ಹಂಗೇ ಇರ್ತದ್ರಿ."

ಮೂಲೆಯಿಂದ ಹಳೆಯದನ್ನು ತಂದು ಬೆಳಕಿಗೆ ಹಿಡಿದೆ, ಪುಡಿ ಇತ್ತು. ಪಿಎಚ್.ಡಿ. ಕಾಲದಿಂದ ಜೊತೆಗಿದ್ದ ಆ ಫ್ಲಾಸ್ಕನ್ನು ಬೇರೆಯವರು ಒಡೆದಾರೆಂದು ನಾನೇ ತೊಳೆಯುತ್ತಿದ್ದೆ. ತೊಳೆಯುತ್ತಿದ್ದೆ ಅನ್ನುವುದೂ ದೊಡ್ಡ ಮಾತು, ನೀರು ತೋರಿಸುತ್ತಿದ್ದೆ. ಬೈಯುವಾಗ ಅದು ನೆನಪಿಗೇ ಬಂದಿರಲಿಲ್ಲ. ಕಪ್ಪು ಚುಕ್ಕೆ ನನ್ನದೇ ಹಳೆಯ ಕೊಳೆ. ಇನ್ನು ಆ ಬಿಳಿ ಪುಡಿ: ಹಾಲು ಹೆಪ್ಪಾಗಲು ಹನಿ ಮಜ್ಜಿಗೆ ಬೇಕಾದಂತೆ ಕೆಲವು ಅಣುಗಳಿಗೆ ಹರಳು ಕಟ್ಟಲು ಹಳೆಯ ಹರಳಿನ ಚೂರು ಬೇಕು. ಮೊದಲ ಸಲ ಅದೃಷ್ಟ ನನ್ನ ಕಡೆಗಿತ್ತು, ಎರಡನೆಯ ಸಲ ನನ್ನ ಸೋಮಾರಿತನ. ಆಕೆ ತೊಳೆದದ್ದರಲ್ಲಿ ಚೂರೂ ಉಳಿದಿರಲಿಲ್ಲ, ಅದಕ್ಕೇ ಅಂಟು.

ಹಳೆಯ ಫ್ಲಾಸ್ಕಿನ ಕತ್ತನ್ನು ಸೂಜಿಯಿಂದ ಕೆರೆದು ಹೊಸದರ ಅಂಟಿನೊಳಗೆ ಒಂದು ಕಣ ಉದುರಿಸಿದೆ. ನೋಡನೋಡುತ್ತಲೇ ಎಲ್ಲ ಬೆಳ್ಳಗಾಯಿತು. ಒಂದೇ ಒಂದು ಕಪ್ಪು ಚುಕ್ಕೆಯಿರಲಿಲ್ಲ. ಮ್ಯಾನೇಜರ್ ಬಂದು ಬೆನ್ನು ತಟ್ಟಿ, "ಎಕ್ಸ್‌ಪೀರಿಯೆನ್ಸ್ ಅಂದ್ರೆ ಇದು ಕಣ್ರೀ," ಎಂದರು. ಸುಮ್ಮನಿದ್ದುಬಿಡುವ ಆಸೆ ಬಹಳವಾಗಿತ್ತು. ಸಿಂಕಿನ ಕಡೆ ನೋಡದೆ ಒಂದಿಡೀ ಮಧ್ಯಾಹ್ನ ಕಳೆದೆ.

ಶುಕ್ರವಾರ ಮೇಲ್ ಬರೆದೆ, ಮೊದಲ ದೂರು ಓದಿದ್ದ ಎಲ್ಲರಿಗೂ. ಕೊಳೆ ಇದ್ದ ಫ್ಲಾಸ್ಕ್ ತೊಳೆದವನು ನಾನು, ಅವರು ತೊಳೆದದ್ದು ಚೊಕ್ಕಟವಾಗಿತ್ತು, ಅವರನ್ನು ತೆಗೆಯಬೇಡಿ. ನಾಲ್ಕು ಸಾಲಿಗೆ ಎರಡು ಗಂಟೆ ಹಿಡಿಯಿತು. ಅದನ್ನು ಓದಿದ ಗೆಳೆಯ ಈಗಲೂ ನನ್ನ ಕಾಫಿ ಲೋಟವನ್ನು ಎರಡು ಸಲ ತೊಳೆದು ಕೊಡುತ್ತಾನೆ.

ಸೋಮವಾರ ಆಕೆ ಕೆಲಸಕ್ಕೆ ಬಂದಿದ್ದರು. ಹೋಗಿ, "ತಪ್ಪಾಯ್ತಮ್ಮ. ಅವತ್ತೇ ಹೇಳ್ಬಾರ್ದಿತ್ತಾ?" ಎಂದೆ.

"ಅವತ್ತು ನೀವು ಕೇಳಲಿಲ್ರಿ ಸರ್," ಎಂದರು ಆಕೆ, ನಲ್ಲಿ ತಿರುಗಿಸುತ್ತಾ. "ಬರೇ ಬೈದ್ರಿ."