ನೆಲ ಬೆವರಿದ ವರ್ಷ

ನಾನು ಸೇರನ್ನು ಜೋರಾಗಿ ಒದ್ದೆನಂತೆ. ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣು ಹೊಸಿಲ ಮೇಲಿಟ್ಟ ಅಕ್ಕಿ ಸೇರನ್ನು ಬಲಗಾಲಿನ ತುದಿಯಿಂದ ಮೆಲ್ಲಗೆ ತಾಕಿಸಬೇಕು, ಅಕ್ಕಿ ಒಳಕ್ಕೆ ಚೆಲ್ಲಬೇಕು. ತವರೂರು ದುದ್ದದಿಂದ ಎತ್ತಿನ ಗಾಡಿಯಲ್ಲಿ ಕೂತೂ ಕೂತೂ ಮರಗಟ್ಟಿದ್ದ ನನ್ನ ಕಾಲಿಗೆ ಅಷ್ಟೊಂದು ನಯ ಎಲ್ಲಿಂದ ಬರಬೇಕು? ಸೇರು ಠಣಾರನೆ ಹಾರಿ ಹಜಾರದ ಕಂಬಕ್ಕೆ ಬಡಿಯಿತು. ನೆರೆದವರು ನಕ್ಕರು. ನಾನೂ ನಕ್ಕೆ. ನಗದೆ ನಿಂತವರು ನಮ್ಮ ಅತ್ತೆ ಒಬ್ಬರೇ.

ಅದು ಮೂವತ್ತರ ದಶಕ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನನ್ನ ಗಂಡನ ಊರು. ಆ ವರ್ಷವೇ ಊರ ಮೇಲುಗಡೆಯ ಹೊಲಗಳಿಗೆ ಮೊದಲ ಸಲ ನಾಲೆ ನೀರು ಬಂದಿತ್ತು. ತಾತ ಮುತ್ತಾತಂದಿರು ರಾಗಿ, ಹುರುಳಿ ಬೆಳೆದ ಹೊಲಕ್ಕೆ ಬದು ಕಟ್ಟಿ ಗದ್ದೆ ಮಾಡಿದ್ದರು. ಬಿಸಿಲಲ್ಲೂ ಗದ್ದೆಯಲ್ಲಿ ಮೊಣಕಾಲು ನೀರು ನಿಂತಿರುತ್ತಿತ್ತು. ಗಂಡಸರು ಜಗಲಿಯ ಮೇಲೆ ಕೂತು ಕಬ್ಬಿನ ಮಾತನ್ನೇ ಆಡುತ್ತಿದ್ದರು. ಮಳೆಯ ಮುಖ ನೋಡಿ ಬದುಕುವ ನಮ್ಮ ತವರಿನ ಕಡೆಯಿಂದ ಬಂದ ನನಗೆ ಅದೆಲ್ಲ ಜಾತ್ರೆ ಕಂಡಷ್ಟು ಸೋಜಿಗ.

ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ಮಾವ, ನನ್ನ ಗಂಡ, ನಾನು. ನಾನು ಬಂದು ಒಂದು ತಿಂಗಳೂ ಆಗಿರಲಿಲ್ಲ, ಮನೆಯಲ್ಲಿ ಅರ್ಥವಾಗದ್ದೆಲ್ಲ ಆಗತೊಡಗಿತು. ಬೆಳಗ್ಗೆ ಎದ್ದು ನೋಡಿದರೆ ಹಜಾರದ ನೆಲ ಒದ್ದೆ. ಯಾರೂ ನೀರು ಚೆಲ್ಲಿಲ್ಲ, ಸೂರು ಸೋರಿಲ್ಲ. ಸಗಣಿ ಸಾರಿಸಿದರೆ ಸಂಜೆಯಾದರೂ ಒಣಗದು. ಗೋಡೆಯ ಬುಡದಲ್ಲಿ ಬೆಳ್ಳಗೆ ಉಪ್ಪಿನಂಥ ಹುಡಿ ಅರಳಿತು. ಗುಡಿಸಿ ಹಾಕಿದರೆ ನಾಳೆಗೆ ಮತ್ತೆ ಅಷ್ಟೇ. ಒರಳುಕಲ್ಲಿನ ಸುತ್ತ ನೀರು ಜಿನುಗಿತು. ಎಲ್ಲಕ್ಕಿಂತ ವಿಚಿತ್ರ ಹಗೇವಿನದು. ಹಗೇವು ಎಂದರೆ ನೆಲದೊಳಗೆ ಆಳವಾಗಿ ಕೊರೆದ ರಾಗಿಯ ಕಣಜ. ಒಳಗೆ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡದು. ನಮ್ಮದು ಹಜಾರದ ನಡುವೆಯೇ ಇತ್ತು. ಅದರ ಮುಚ್ಚಳದ ಕಲ್ಲು ಬರಬರುತ್ತ ಬೆಚ್ಚಗಾಯಿತು. ಬೆಕ್ಕು ಒಲೆಯ ಮಗ್ಗುಲು ಬಿಟ್ಟು ಅದರ ಮೇಲೆ ಮಲಗತೊಡಗಿತು. ಮಧ್ಯಾಹ್ನ ಎಲ್ಲ ಅಡ್ಡಾದಾಗ ಕಿವಿಗೊಟ್ಟರೆ ಕಲ್ಲಿನ ಕೆಳಗಿಂದ ಗುಳುಗುಳು ಸದ್ದು.

ನಾನು ಒದ್ದ ಸೇರು ಉರುಳಿ ನಿಂತದ್ದು ಆ ಕಲ್ಲಿನ ಮೇಲೇ. ಅತ್ತೆಗೆ ಇನ್ನೇನು ಬೇಕು?

"ಕಾಲ್ಗುಣ ಕಣಮ್ಮಿ," ಎಂದರು ನನ್ನ ಮುಖಕ್ಕೇ. "ಅಕ್ಕಿ ಸೇರ್ನ ಜಾಡ್ಸಿ ಒದ್ದೋಳ ಮನೇಲಿ ಭೂಮ್ತಾಯಿ ಕಣ್ಣೀರಾಕ್ದೆ ಇದ್ದಾಳಾ?"

ಮಾವ ಒಳ್ಳೆಯವರೇ, ಆದರೆ ಹೆಂಡತಿಯ ಮಾತಿಗೆ ಎದುರಾಡುವ ಬಾಯಿ ಅವರಿಗೆ ದೇವರು ಕೊಟ್ಟಿರಲಿಲ್ಲ. ಮಳವಳ್ಳಿಗೆ ಸಂತೆಗೆ ಹೋದವರು ಅಲ್ಲೊಬ್ಬ ಶಾಸ್ತ್ರ ಹೇಳುವವನನ್ನು ಕೇಳಿ ಬಂದರು. ಈಚೆಗೆ ಮನೆಗೆ ಹೊಸದಾಗಿ ಏನು ಬಂತು ಎಂದು ಅವನು ಕೇಳಿದನಂತೆ. ಆ ವರ್ಷ ಹೊಸದಾಗಿ ಬಂದದ್ದು ಒಂದು ಜೊತೆ ಎತ್ತು, ಒಂದು ಲಾಟೀನು, ನಾನು. ಎತ್ತು ಗೇಯುತ್ತಿದ್ದವು, ಲಾಟೀನು ಉರಿಯುತ್ತಿತ್ತು. ಉಳಿದವಳು ನಾನೇ ತಾನೆ!

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಯಾಕೆಂದರೆ ಮನೆಗೆ ನೀರು ಸೇದುತ್ತಿದ್ದವಳು ನಾನು. ಬಂದ ಹೊಸತರಲ್ಲಿ ಹಿತ್ತಲ ಬಾವಿಗೆ ಹಗ್ಗ ಪೂರ್ತಿ ಇಳಿಬಿಟ್ಟರೂ ಬಿಂದಿಗೆ ಅರ್ಧವೇ ತುಂಬುತ್ತಿತ್ತು. ಈಗ ಅರ್ಧ ಹಗ್ಗ ಬಾವಿಕಟ್ಟೆಯ ಮೇಲೆ ಸುರುಳಿ ಬಿದ್ದಿರುವಾಗಲೇ ಬಿಂದಿಗೆ ಮುಳುಗುತ್ತಿತ್ತು. ಬಾವಿ ತುಂಬಿದ್ದನ್ನು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದು ಅವರು ಮನೆದೇವರಿಗೆ ಹೊತ್ತ ಹರಕೆಯ ಫಲವಂತೆ. ಬಾವಿಯಲ್ಲಿ ನೀರು ಏರಿದರೆ ಅತ್ತೆಯ ಹರಕೆ, ಅದೇ ನೀರು ನೆಲದಲ್ಲಿ ಏರಿದರೆ ಸೊಸೆಯ ಕಾಲು. ಎಲ್ಲಿಯ ನ್ಯಾಯ ಇದು?

ಗಂಡನ ಹತ್ತಿರ ಹೇಳಿದೆ. "ಮೇಲ್ಗಡೆ ಗದ್ದೆ ತುಂಬ ನೀರು ನಿಂತದೆ, ನಾವಿರೋದು ತಗ್ಗಲ್ಲಿ. ನೀರು ನೆಲದೊಳಗೇ ನಡ್ಕೊಂಡು ಬತ್ತಾ ಅದೆ. ಬಾವಿ ನೋಡಿ, ಗೊತ್ತಾಗಕ್ಕಿಲ್ವಾ?"

ಆ ಪುಣ್ಯಾತ್ಮ ನೇಗಿಲಿಗೆ ಹಗ್ಗ ಬಿಗಿಯುತ್ತ, ತಲೆ ಎತ್ತದೆ, "ದೊಡ್ಡೋರು ಏನೋ ಯೋಳ್ತಾರೆ, ಬುಡು," ಎಂದ. ನಾಲೆಯ ಗುಣಗಾನಕ್ಕೆ ಜಗಲಿಯಲ್ಲಿ ಅವನದೇ ದೊಡ್ಡ ಬಾಯಿ. ಆ ನಾಲೆಯ ಮೇಲೆ ಒಂದು ತಪ್ಪು ಹೊರಿಸುವುದಕ್ಕೆ ಅವನಿಗೆ ನಾಲಿಗೆ ಏಳಲಿಲ್ಲ. ಹೆಂಡತಿಯ ಮೇಲಾದರೆ ಸಲೀಸು.

ಜ್ಯೇಷ್ಠದ ಕೊನೆಗೆ ಒಂದು ದಿನ ಕೊಟ್ಟಿಗೆ ಗುಡಿಸುತ್ತಿದ್ದೆ. ಗೋಡೆಯ ಆಚೆ ಅತ್ತೆ ಮಾವನಿಗೆ ಹೇಳುವುದು ಕೇಳಿಸಿತು. "ಆಸಾಡಕ್ಕೆ ಹೆಂಗೂ ತವರಿಗೆ ಓಗ್ಬೇಕು. ಓಗ್ಲಿ. ಕರ್ಕೊಂಡ್ ಬರಕ್ಕೆ ಮಾತ್ರ ಯಾರೂ ಓಗ್ಬ್ಯಾಡಿ. ವರ್ಸ ಕಳುದ್ರೆ ಅವ್ರಿಗೇ ತಿಳೀತದೆ. ಮಗನಿಗೆ ಬ್ಯಾರೆ ಎಣ್ಣು ನೋಡದ್ರಾಯ್ತು."

ಪೊರಕೆ ಕೈಯಲ್ಲೇ ನಿಂತಿತು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹೊಸ ಸೊಸೆಯರನ್ನು ತವರಿಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ಶ್ರಾವಣಕ್ಕೆ ಗಂಡನ ಮನೆಯಿಂದ ಗಾಡಿ ಬರುತ್ತದೆ. ಗಾಡಿ ಬರದಿದ್ದರೆ? ಜಗಳವಿಲ್ಲ, ಪಂಚಾಯಿತಿಯಿಲ್ಲ, ಒಂದು ಬಿರುನುಡಿಯೂ ಇಲ್ಲ. ಗಾಡಿ ಬರುವುದಿಲ್ಲ, ಅಷ್ಟೇ. ನಮ್ಮ ತವರಿನ ಕೇರಿಯಲ್ಲಿ ಹಾಗೆ ಉಳಿದುಹೋದ ಒಬ್ಬಾಕೆ ಇದ್ದಳು. ಎತ್ತಿನ ಗೆಜ್ಜೆ ಕೇಳಿದಾಗೆಲ್ಲ ಬಾಗಿಲಿಗೆ ಬರುತ್ತಿದ್ದಳು. ನಾನು ಮದುವೆಯಾಗಿ ಹೊರಡುವಾಗಲೂ, ತಲೆಯೆಲ್ಲ ನರೆತವಳು, ನನ್ನ ಗಾಡಿಯ ಗೆಜ್ಜೆಗೂ ಬಂದು ನಿಂತಿದ್ದಳು. ನಾನು ಇನ್ನೊಬ್ಬ ಅವಳಾಗಲಾರೆ ಎಂದುಕೊಂಡೆ. ಸತ್ತರೂ ಆಗಲಾರೆ.

ಅದೇ ವಾರ ಗುಡಾಣದ ರಾಗಿ ಮುಗಿದು ಹಗೇವು ತೆಗೆಯಬೇಕಾಯಿತು. ಕಲ್ಲು ಸರಿಸಿ ಮಾವ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಪಕ್ಕನೆ ಆರಿತು. ಹೊಸದಾಗಿ ಬಾಯಿ ತೆರೆದ ಹಗೇವಿನಲ್ಲಿ ಕೆಟ್ಟ ಗಾಳಿ ಇರುವುದು, ದೀಪ ಆರುವುದು ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಸಲ ಅದೂ ನನ್ನ ಲೆಕ್ಕಕ್ಕೇ ಬಿತ್ತು. ಗಾಳಿಯಾಡಲು ಬಿಟ್ಟು, ದೀಪ ನಿಂತ ಮೇಲೆ ನನ್ನ ಗಂಡ ಇಳಿದ. ಹೊರಕ್ಕೆ ಬಂದ ಮೊದಲ ಮಂಕರಿಯಲ್ಲಿ ರಾಗಿ ಇರಲಿಲ್ಲ, ಕಪ್ಪು ಹುದುಲು ಇತ್ತು. ಹೆಂಡದ ಪಡಖಾನೆಯ ಹುಳಿ ನಾತ ಮನೆ ತುಂಬಿತು. ಕೆಳಗೆ ನೀರೇ ನಿಂತಿತ್ತು. ಮೂರು ಸುಗ್ಗಿಯ ರಾಗಿ ಹೋಗಿತ್ತು.

ಮಾವ ಕುಸಿದು ಕೂತರು. ಅತ್ತೆ ಮೊದಲು ಮಾಡಿದ ಕೆಲಸ ಬೀದಿಬಾಗಿಲು ಹಾಕಿದ್ದು. ಹಗೇವು ಕೊಳೆತ ಮನೆಗೆ ಲಕ್ಷ್ಮಿ ಬಿಟ್ಟುಹೋದ ಮನೆ ಎಂಬ ಹೆಸರು. ಅಂಥ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಅಲ್ಲಿಂದ ತರುವವರೂ ಇಲ್ಲ. "ಯಾರ ಕಿವಿಗೂ ಬೀಳ್ಬಾರ್ದು. ಕತ್ಲಾದ್ಮ್ಯಾಲೆ ತಿಪ್ಪೇಲಿ ಮುಚ್ಚಾಕಿ," ಎಂದು ಪಿಸುಗುಟ್ಟಿದರು. ಆಮೇಲೆ ನನ್ನತ್ತ ತಿರುಗಿ, "ತಣ್ಣಗಾಯ್ತೇನಮ್ಮಿ ಒಟ್ಟೆ?" ಎಂದರು.

ಆ ಮಾತಿಗೆ ನನಗೆ ಎಲ್ಲಿತ್ತೋ ಧೈರ್ಯ! ಕೆಲವು ದಿನಗಳಿಂದ ನನ್ನ ಕಣ್ಣಿಗೆ ಬೀಳುತ್ತಿದ್ದುದು ಒಂದಿತ್ತು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕೇರಿಯ ಹೆಂಗಸರೆಲ್ಲ ದಿನ ಬೆಳಗಾದರೆ ತಮ್ಮ ಮನೆಯ ಗೋಡೆಬುಡಕ್ಕೆ ಸಗಣಿ ಬಳಿಯುತ್ತಿದ್ದರು. ನಾವು ಯಾಕೆ ಬಳಿಯುತ್ತಿದ್ದೆವು? ಬಿಳಿ ಹುಡಿ ಮುಚ್ಚುವುದಕ್ಕೆ. ಹಾಗಾದರೆ ಅವರು?

ನಾನು ಮಂಕರಿ ಎತ್ತಿ ಸೊಂಟಕ್ಕಿಟ್ಟುಕೊಂಡು ಬಾಗಿಲ ಅಗಣಿ ತೆಗೆದೆ. ಹಾಡಹಗಲು, ಬಿಸಿಲು ಚುರುಗುಟ್ಟುತ್ತಿತ್ತು. ಬೀದಿಯ ನಡುವೆ ನಿಂತು ಮಂಕರಿ ಬೋರಲು ಹಾಕಿದೆ. ನಾತಕ್ಕೆ ನಾಯಿಗಳೇ ಹಿಂದೆ ಸರಿದವು.

"ಅಯ್ಯೋ ಮನೆಹಾಳಿ! ಮಾನ ಕಳುದ್ಯಲ್ಲೇ! ಬಾರೇ ಒಳಕ್ಕೆ!" ಅತ್ತೆ ಹೊಸಿಲ ಮೇಲೆ ನಿಂತು ಬಾಯಿ ಬಡಿದುಕೊಂಡರು.

ನಾನು ಅವರ ಕಡೆ ನೋಡಲಿಲ್ಲ. ಕೇರಿಗೆಲ್ಲ ಕೇಳುವ ಹಾಗೆ ಕೂಗಿದೆ: "ಬನ್ರವ್ವಾ, ಎಲ್ಲಾರೂ ಬಂದು ನೋಡಿ! ನಮ್ಮನೆ ಅಗೇವು ಕೊಳ್ತೋಗದೆ. ನೆಲ ಬೆವರ್ತಾ ಅದೆ. ನನ್ನ ಕಾಲ್ಗುಣವಂತೆ! ನಿಮ್ ನಿಮ್ಮನೆ ನೆಲ ಒಣಗಿದ್ರೆ ಯೋಳಿ, ಈಗ್ಲೇ ಗಾಡಿ ಅತ್ತಿ ತವರಿಗೆ ಓಯ್ತೀನಿ, ತಿರುಗಿ ಬರಕ್ಕಿಲ್ಲ. ಒದ್ದೆ ಆಗಿದ್ರೆ ಅದ್ನೂ ಯೋಳಿ, ಮುಚ್ಚಿಡಬ್ಯಾಡಿ!"

ಬಾಗಿಲು ಬಾಗಿಲಲ್ಲೂ ಜನ. ಒಬ್ಬರಾದರೂ ಬಾಯಿ ಬಿಡದಿದ್ದರೆ ನನ್ನ ಮಾತೇ ನನಗೆ ಉರುಲು. ಗಂಡ ಬಾಗಿಲ ಮರೆಯಲ್ಲಿ ನಿಂತಿದ್ದ, ಮೈಯೆಲ್ಲ ಹುದುಲು.

ಕೊನೆಗೆ ಎದುರುಮನೆಯ ದೊಡ್ಡಮ್ಮ ಸೆರಗು ಮೂಗಿಗೆ ಹಿಡಿದುಕೊಂಡು ಜಗಲಿ ಇಳಿದು ಬಂದರು. ರಾಶಿಯ ಮುಂದೆ ನಿಂತು ನೋಡಿದರು. ಸೆರಗು ಮೂಗಿನಿಂದ ಕಣ್ಣಿಗೆ ಹೋಯಿತು. "ನಮ್ದೂ ಇಂಗೇ ಆಗದೆ ಕಣವ್ವ. ಯುಗಾದಿ ಕಳೀತಿದ್ದಂಗೇ ನೋಡಿ, ಮುಚ್ಚಾಕ್ದೋ. ಗಂಡನ ಕಳ್ಕೊಂಡು ಬಂದ ಮಗಳು ಮನೇಲವ್ಳೆ, ಅವಳ ದೆಸೆ ಅಂದ್ಬುಟ್ಟು... ಅವತ್ತಿಂದ ಅವಳ್ಗೆ ಕೊಟ್ಟಿಗೇಲಿ ಊಟ ಇಕ್ತಾ ಇವ್ನಿ. ನನ್ನ ಮಗಳ್ಗೆ, ನನ್ನ ಕೈಯಾರೆ!"

ಆಮೇಲೆ ತಡೆಯುವವರಿಲ್ಲ. ಮೂಲೆಮನೆಯವರು ಬಂಜೆ ಎಂದು ಹಂಗಿಸುತ್ತಿದ್ದ ಹಿರಿಸೊಸೆಯನ್ನು ಹೊಣೆ ಮಾಡಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಗಂಡಸರೇ ಹೆಚ್ಚು, ಹೊರಿಸಲು ಹೆಂಗಸು ಸಿಗದೆ ಎಮ್ಮೆಯನ್ನು ಮಾರಿದ್ದರು. ಅದೂ ಹೆಣ್ಣೇ ನೋಡಿ! ಏರಿ ಬಂದ ನೀರು ಒಂದೇ, ಪಾಪಿ ಮಾತ್ರ ಮನೆಗೊಬ್ಬಳು. ಇಷ್ಟು ದಿನ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಒಂದು ಎಲೆಅಡಿಕೆ ಹಾಕುವಷ್ಟರಲ್ಲಿ ಬಗೆಹರಿಯುತ್ತಿದ್ದ ವಿಷಯ. ಸಂಜೆ ಗಂಡಸರು ಒಂದೊಂದೇ ಬಾವಿಗೆ ಬಗ್ಗಿ ನೋಡಿ, ಮೇಲುಗಡೆಯ ಗದ್ದೆ ನೋಡಿ, ತಾವೇ ಕಂಡುಹಿಡಿದವರ ಹಾಗೆ ತಲೆದೂಗಿದರು. ಕೇರಿಯ ಮೇಲ್ಗಡೆ ಕಾಲುವೆ ತೋಡಿ ನೀರು ಹಳ್ಳಕ್ಕೆ ಬಿಡುವುದೆಂದಾಯಿತು. ಮರುದಿನ ಗುದ್ದಲಿ ಹಿಡಿದು ಮೊದಲು ಹೊರಟವನು ನನ್ನ ಗಂಡ. ಹೋಗಲಿ, ಗುದ್ದಲಿಯಾದರೂ ಹಿಡಿದನಲ್ಲ.

ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಆಷಾಢ ಹತ್ತಿರವಾಯಿತು. ನಾನು ಬಾವಿಕಟ್ಟೆಯ ಹತ್ತಿರ ಅವರೆದುರು ನಿಂತು ಹೇಳಿಯೇ ಬಿಟ್ಟೆ: "ಅತ್ತೆ, ನಾನು ಆಸಾಡಕ್ಕೆ ಓಗಕ್ಕಿಲ್ಲ. ಕೊಟ್ಟಿಗೆ ಗೋಡೆ ಆಚೆ ನೀವಾಡಿದ ಮಾತು ನನ್ನ ಕಿವಿಗೆ ಬಿದ್ದದೆ. ಅತ್ತೆ ಸೊಸೆ ಒಂದೇ ಒಸ್ಲು ದಾಟಬಾರ್ದು ಅನ್ನೋದು ತಾನೆ ಸಾಸ್ತ್ರ? ಈ ಸಲ ನೀವೇ ನಿಮ್ಮ ತವರಿಗೆ ಓಗಿ ಬನ್ನಿ."

ಕೆನ್ನೆಗೆ ಬೀಳುತ್ತದೆ ಎಂದೇ ಕಾದೆ. ಅತ್ತೆ ಹೊಡೆಯಲಿಲ್ಲ. ಬಾವಿಗೆ ಬಗ್ಗಿ ತುಂಬಿದ ನೀರನ್ನೇ ನೋಡುತ್ತ ನಿಂತರು.

"ನಾನು ಈ ಮನೆಗೆ ಬಂದ ವರ್ಸ ಇದೇ ಬಾವಿ ಬತ್ತೋಗಿತ್ತು ಕಣಮ್ಮಿ," ಎಂದರು. "ನಮ್ಮತ್ತೆ ಆಸಾಡಕ್ಕೆ ಕಳ್ಸುದ್ರು. ಮೂರು ಸ್ರಾವಣ ಗಾಡಿ ಬರ್ಲಿಲ್ಲ. ನಾಕನೇ ವರ್ಸ ಮಳೆ ಬಂದು ಬಾವಿ ತುಂಬ್ದ ಮ್ಯಾಲೆ ಬಂದ್ರು."

ಕನಿಕರ ಬರಬೇಕಿತ್ತೇನೋ. ನನಗೆ ಬಂದದ್ದು ಮೊದಲಿಗಿಂತ ದೊಡ್ಡ ಸಿಟ್ಟು. ಬತ್ತಿದರೂ ನಾವು, ಉಕ್ಕಿದರೂ ನಾವು! "ಅದನ್ನ ಉಂಡೋರು ನೀವು. ಉಂಡೂ ನಂಗೆ ಬಡಿಸಕ್ಕೆ ಬಂದ್ರಲ್ಲ," ಎಂದೆ. ಅತ್ತೆ ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು.

ಆಷಾಢ ಹುಟ್ಟುವ ಮುನ್ನಾ ದಿನ ಅವರೇ ಸೀರೆ ಗಂಟು ಕಟ್ಟಿದರು. ಆತಗೂರಿನಲ್ಲಿ ಅವರ ಅಣ್ಣನ ಮನೆ. ಇಪ್ಪತ್ತು ವರ್ಷಕ್ಕೆ ಮೇಲಾಗಿತ್ತಂತೆ ಅಲ್ಲಿ ಒಂದು ರಾತ್ರಿ ತಂಗಿ. ಮಾವ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಗಾಡಿ ಹತ್ತಿ ಕೂತ ಮೇಲೆ, ಹೊಸಿಲ ಒಳಗೆ ನಿಂತಿದ್ದ ನನ್ನನ್ನು ಕೇಳಿದರು:

"ಸ್ರಾವಣಕ್ಕೆ ಗಾಡಿ ಕಳ್ಸೀಯೇನಮ್ಮಿ?"

ಗಟ್ಟಿಗಿತ್ತಿಯ ಬಾಯಿಂದ ಬಂದ ಮಾತೇ ಅದು? ತಮಾಷೆಗೆ ಕೇಳಲಿಲ್ಲ, ನಿಜವಾಗಿಯೂ ಹೆದರಿ ಕೇಳಿದರು. ನಾನು ಬೇಕೆಂದೇ ಉತ್ತರ ಕೊಡಲಿಲ್ಲ. ಗೆಜ್ಜೆಯ ಸದ್ದು ಕೇರಿ ದಾಟುವ ತನಕ ನಿಂತಿದ್ದೆ. ಒಂದು ತಿಂಗಳು ಅವರಿಗೂ ಗೊತ್ತಾಗಲಿ ಎಂದುಕೊಂಡೆ. ಆಮೇಲೆ, ಅವರಿಗೆ ಗೊತ್ತಿಲ್ಲದ್ದು ಏನಿದೆ ಅನ್ನಿಸಿತು.

ಶ್ರಾವಣ ಹುಟ್ಟಿದ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಗಂಡನನ್ನು ಎಬ್ಬಿಸಿ ಎತ್ತು ಕಟ್ಟಿಸಿದೆ. ಮಧ್ಯಾಹ್ನವೋ ಸಂಜೆಯೋ ಹೋದರಾಯಿತು ಎಂದು ಅವನು ಗೊಣಗಿದ. "ಈಗ್ಲೇ ಓಗಿ," ಎಂದೆ. "ಅಲ್ಲಿ ಬಾಗ್ಲಲ್ಲಿ ನಿಂತಿರ್ತಾರೆ."