ತೂತು ಮುಚ್ಚಿದ ಕಿಟಕಿ

ಹೊರಗೆ ಸುಡುಬಿಸಿಲು, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ತಗಡಿನ ಶೆಡ್ಡಿನೊಳಗೆ ಮಾತ್ರ ಗಾಳಿಮಳೆ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಕಂಡದ್ದು ಇದು. ಕೋಣೆಯಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯ ಬಾಯಿಗೆ ಹೊಸ ಕಿಟಕಿಯೊಂದನ್ನು ಬಿಗಿದು ಕೂರಿಸಿದ್ದರು. ಯಂತ್ರ ಪೆಟ್ಟಿಗೆಯೊಳಗಿನ ಗಾಳಿಯನ್ನು ಹೀರುತ್ತಿತ್ತು, ಎದುರಿನ ಕೊಳವೆಗಳು ಗಾಜಿಗೆ ನೀರು ಚಿಮ್ಮುತ್ತಿದ್ದವು. ಎತ್ತರದ ಮಹಡಿಯಲ್ಲಿ ಮಳೆ ಬಡಿದರೆ ಕಿಟಕಿ ಸೋರುತ್ತದೋ ಇಲ್ಲವೋ ಎಂದು ನೋಡುವ ಬಗೆ. ಒಂದು ಮಳೆಗೆ ಊರೇ ಕತ್ತೆತ್ತಿ ಕಾಯುವ ಸೀಮೆಯವಳು ನಾನು. ಇಲ್ಲಿ ಗುಂಡಿ ಒತ್ತಿದರೆ ಮಳೆ.

ನಮ್ಮ ಪರೀಕ್ಷಾ ಕೇಂದ್ರ ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಓಣಿಯಲ್ಲಿದೆ. ಅದು ಕಟ್ಟಡ ಕಟ್ಟುವವರದೂ ಅಲ್ಲ, ಕಿಟಕಿ ಮಾಡುವವರದೂ ಅಲ್ಲ. ಇಬ್ಬರ ನಡುವೆ ನಿಂತು ಪಾಸೋ ಫೇಲೋ ಹೇಳುವ ಜಾಗ. ಕಿಟಕಿ, ಬಾಗಿಲು, ಗಾಜಿನ ಗೋಡೆ, ಎಲ್ಲ ಬರುತ್ತವೆ. ಯಾದಗಿರಿ ಜಿಲ್ಲೆಯ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನೇ. ಅವ್ವ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾಳೆ. ಅವಳ ಮಗಳ ಸಹಿ ಬೀಳದೆ ಇಲ್ಲಿ ದೊಡ್ಡ ಕಟ್ಟಡಗಳ ಕಿಟಕಿ ಮೇಲೇರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ರೂಮು ಸಿಂಗಸಂದ್ರದಲ್ಲಿ. ಮನೆ ಮಾಲೀಕರಾದ ಮುನಿಯಮ್ಮನವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಸಾಲು ಬಾಡಿಗೆ ರೂಮುಗಳಿವೆ. ನಾನು ಮೊದಲ ಸಲ ಜೋಳದ ರೊಟ್ಟಿ ಬಡಿದಾಗ ಅವರು ಮೆಟ್ಟಿಲೇರಿ ಬಂದು, "ಏನಮ್ಮಾ, ಗೋಡೆಗೆ ಮೊಳೆ ಒಡೀತಿದ್ದೀಯಾ?" ಎಂದರು. ಬಿಸಿ ರೊಟ್ಟಿ ಕೊಟ್ಟೆ. ಬಹಳ ಹೊತ್ತು ಅಗಿದು, "ಇದನ್ನ ಮುಗ್ಸಾಕೆ ಸಂಜೆಗಂಟ ಬೇಕು ಕಣಮ್ಮಾ" ಎಂದು ನಕ್ಕರು. ಅವರು ಕೊಟ್ಟ ಮುದ್ದೆಯನ್ನು ನಾನು ಅಗಿದದ್ದು ನೋಡಿ ಇನ್ನೂ ನಕ್ಕರು. ಆದರೂ ಆ ರೂಮಿನಲ್ಲಿ ನನಗೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಎದ್ದು ಬಾಗಿಲ ಚಿಲಕ ನೋಡುವುದು, ಕಿಟಕಿಯ ಸಂದಿಗೆ ಬೆರಳಿಟ್ಟು ಗಾಳಿ ಬರುತ್ತದೋ ಎಂದು ನೋಡುವುದು.

ಊರಿನ ನಮ್ಮ ಕಿಟಕಿ ಎಂದರೆ ಹಲಗೆ ಬಾಗಿಲಿನ ಒಂದು ಕಿಂಡಿ. ಬೇಸಿಗೆಯಲ್ಲಿ ಕೆಂಧೂಳು ಎದ್ದರೆ ಅವ್ವ ಮನೆಯ ಸಂದಿಗೊಂದಿಗೆಲ್ಲ ಚಿಂದಿ ಬಟ್ಟೆ ತುರುಕುತ್ತಾಳೆ. ಇಲ್ಲಿ ಗೋಡೆಯಗಲ ಗಾಜು ಹಾಕಿಸಿ ಕೆರೆ ನೋಡುತ್ತಾರೆ, ವಾಸನೆಗೆ ಹೆದರಿ ತೆರೆಯುವುದಿಲ್ಲ.

ಬೆಳ್ಳಂದೂರಿನ ಒಂದು ಹೊಸ ಕಟ್ಟಡದ ಮಾದರಿ ಕಿಟಕಿ ಪರೀಕ್ಷೆಗೆ ಬಂತು. ಅದನ್ನು ಜೋಡಿಸಿದ ತಂಡದ ಮೇಸ್ತ್ರಿ ಶರಣಪ್ಪ. ಬೊಮ್ಮನಹಳ್ಳಿಯ ಬಾಡಿಗೆ ರೂಮುಗಳಲ್ಲಿರುವ ಅವರ ಹುಡುಗರೆಲ್ಲ ನಮ್ಮ ಕಡೆಯವರೇ. ನನ್ನ ಮಾತು ಕಿವಿಗೆ ಬಿದ್ದದ್ದೇ, "ಯಾವೂರವ್ವಾ ನಿಂದು?" ಎಂದರು. ಎಷ್ಟೋ ದಿನದ ಮೇಲೆ ಆ ದನಿ ಕೇಳಿ ಎದೆ ತುಂಬಿತು. ಮರುಗಳಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಹಿಡಿದರು. ಪರೀಕ್ಷೆ ಮುಗಿಯುವ ತನಕ ಮಾದರಿ ತಂದವರ ಕೈಯಿಂದ ನೀರೂ ಕುಡಿಯಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಒಲ್ಲೆನೆಂದೆ. ನಮ್ಮ ಕಡೆ ಚಹಾ ಒಲ್ಲೆನೆಂದರೆ ಕೊಟ್ಟವರನ್ನೇ ಒಲ್ಲೆನೆಂದ ಹಾಗೆ. ಅವರು ತಾವೇ ಕುಡಿದರು. ಮಾದರಿ ಫೇಲಾದರೆ ಕಟ್ಟಡದ ಕೆಲಸ ಬೇರೆ ತಂಡಕ್ಕೆ ಎಂದು ಬಿಲ್ಡರ್ ಕಡೆಯ ಇಂಜಿನಿಯರ್ ಆಗಲೇ ಹೇಳಿಯಾಗಿತ್ತು.

ಮಳೆ ಬಿಟ್ಟೆವು. ಚೌಕಟ್ಟಿನ ಕೆಳಗಾಲುವೆಯಲ್ಲಿ ನೀರು ನಿಂತು, ಏರಿ, ಒಳಕ್ಕೆ ಹರಿಯಿತು. ಫೇಲು. ಬಗ್ಗಿ ನೋಡಿದೆ. ಒಳಸೇರಿದ ನೀರು ಹೊರಗೆ ಹೋಗಲೆಂದೇ ಚೌಕಟ್ಟಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಅವನ್ನು ಸಿಲಿಕೋನ್ ಅಂಟು ಹಚ್ಚಿ ಅಂದವಾಗಿ ಮುಚ್ಚಿದ್ದರು. ಮಳೆಯ ಸೀಮೆಯವರು ಯಾರೂ ಹೀಗೆ ಮಾಡುವುದಿಲ್ಲ. ನನಗೆ ಅವ್ವನ ಚಿಂದಿ ಬಟ್ಟೆ ನೆನಪಾಯಿತು.

ಆದರೆ ನಮ್ಮ ಕೆಲಸದ ಕಟ್ಟಳೆ ಇನ್ನೊಂದಿದೆ: ಕಂಡದ್ದನ್ನು ಹೇಳಬೇಕು, ಸರಿಪಡಿಸುವ ದಾರಿ ಹೇಳಬಾರದು. ದಾರಿ ಹೇಳಿದವರೇ ನಾಳೆ ಪಾಸು ಮಾಡಿದರೆ ಆ ಪಾಸಿಗೆ ಬೆಲೆಯಿಲ್ಲ. ಇದು ಸರಿಯೆಂದು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಇಂಜಿನಿಯರ್ ವರದಿಯಲ್ಲಿ ಫೇಲೆಂಬ ಒಂದೇ ಪದ ನೋಡಿ, ಬೇರೆ ತಂಡದವರಿಗೆ ಹೇಳಲು ಫೋನು ತೆಗೆದ. ವರದಿ ಇಂಗ್ಲಿಷಿನಲ್ಲಿತ್ತು, ಶರಣಪ್ಪನವರಿಗೆ ಬಾರದು. ಬರೆದದ್ದನ್ನು ಅವರಿಗೆ ಓದಿ ಹೇಳಬಹುದೇ ಎಂದು ನಮ್ಮ ಹಿರಿಯ ಅಧಿಕಾರಿಯನ್ನು ಕೇಳಿದೆ.

"ಬರ್ದಿರೋದು ಮಾತ್ರ. ಒಂದು ಪದಾನೂ ಜಾಸ್ತಿ ಬೇಡ" ಎಂದರು.

ಎಲ್ಲರೆದುರು ನಮ್ಮ ಮಾತಿನಲ್ಲಿ ಓದಿದೆ: "ಕೆಳಗಿನ ಚೌಕಟ್ಟಿನ್ಯಾಗ ನೀರು ಹೋಗೋ ತೂತು ಮುಚ್ಚ್ಯಾವ. ನೀರು ತುಂಬಿ ಒಳಗ ಹರದದ."

"ನಾನೇ ಮುಚ್ಚಿಸೀನಿ. ತೂತು ಬಿಟ್ರ ಧೂಳ ಬರಂಗಿಲ್ಲೇನು?" ಎಂದರು ಶರಣಪ್ಪ. ಆಮೇಲೆ ದನಿ ತಗ್ಗಿಸಿ, "ಹಂಗಾರ ಬಿಚ್ಚಲೇನವ್ವಾ?"

ನಾನು ಗಾಜಿನ ಕಡೆ ನೋಡಿದೆ.

"ಹೇಳವ್ವಾ. ಗೊತ್ತಿದ್ದೂ ಸುಮ್ಮನಿರ್ತಿ?"

ವರದಿಯ ಅದೇ ಸಾಲನ್ನು ಇನ್ನೊಮ್ಮೆ ಓದಿದೆ. ಇಂಜಿನಿಯರ್ ಬಗ್ಗಿ ಅಡಿಯನ್ನು ನೋಡಿದ, ಫೋನು ಜೇಬಿಗಿಳಿಸಿದ. "ಬಿಚ್ಚಿ ಗುರು, ಅಷ್ಟೇ ತಾನೇ. ಇನ್ನೊಂದ್ ಸಲ ಟೆಸ್ಟ್ ಮಾಡ್ಸೋಣ."

ಎರಡನೆಯ ಸಲ ಹನಿ ನೀರೂ ಒಳಗೆ ಬರಲಿಲ್ಲ. ಸಹಿ ಹಾಕಿದೆ. ಕೆಲಸ ಆ ತಂಡಕ್ಕೇ ಉಳಿಯಿತು. ಇನ್ನು ಕಟ್ಟಳೆ ಅಡ್ಡವಿಲ್ಲವೆಂದು ಗೇಟಿನ ಬಳಿ ಹೋಗಿ, "ಚಾ ಅದ ಏನ್ ಕಾಕಾ?" ಎಂದು ನಾನೇ ಕೇಳಿದೆ. ಶರಣಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟರು. "ತಗೋರಿ ಮೇಡಂ." ಸಕ್ಕರೆ ಊರಿನ ಹಾಗೆಯೇ ಜಾಸ್ತಿ ಇತ್ತು.

ಈ ಸಲ ಯುಗಾದಿಗೆ ಹೋದಾಗ ಊರ ಮನೆಗೆ ಅಲ್ಯೂಮಿನಿಯಂ ಕಿಟಕಿ ಹಾಕಿಸಿದೆ. ಬೆಳಗಾಗುವಷ್ಟರಲ್ಲಿ ಅವ್ವ ಅದರ ತೂತುಗಳಿಗೆ ಹಳೆ ಸೀರೆಯ ಚೂರು ತುರುಕಿದ್ದಳು. ತೆಗಿ ಎಂದರೆ, "ಇಲ್ಲಿ ಮಳಿ ಎಲ್ಲದ? ಧೂಳ ಅದ" ಎಂದಳು. ಅವಳ ಮಾತು ಸುಳ್ಳಲ್ಲ. ಹೊರಡುವಾಗ ಬಗ್ಗಿ ಆ ಬಟ್ಟೆಯ ತುದಿ ಹಿಡಿದೆ, ಎಳೆಯಲು ಮನಸ್ಸಾಗಲಿಲ್ಲ.

ಸಿಂಗಸಂದ್ರಕ್ಕೆ ಮರಳಿದ ಸಂಜೆ ಜೋರು ಮಳೆ. ಕೂರಲಾಗದೆ ಅವ್ವನಿಗೆ ಫೋನು ಮಾಡಿ, ಅಲ್ಲೂ ಬಂತೇನು ಎಂದು ಕೇಳಿದೆ. "ಎಲ್ಲಿ ಮಳಿಯವ್ವಾ, ಬರೀ ಗಾಳಿ" ಎಂದಳು. ಸದ್ಯ, ಎಂದು ಉಸಿರು ಬಿಟ್ಟೆ. ಮಳೆ ಬರಲಿಲ್ಲವೆಂದು ಸಮಾಧಾನಪಡುವ ಹೆಣ್ಣು ನಮ್ಮ ಸೀಮೆಯಲ್ಲಿ ಇನ್ನೊಬ್ಬಳು ಇರಲಾರಳು.